ಕಾಣದ ಸಂಗಡಿಗನಿಗೆ ಕೊಟ್ಟ ಮಾತು

ವಚನವೆಂಬ ಶಬ್ದಕ್ಕೆ ಎರಡು ಅರ್ಥಗಳು ರೂಢಿಯಲ್ಲಿವೆ. ಆಡಿದ ಮಾತು ಒಂದು. ಕೊಟ್ಟ ಮಾತು ಇನ್ನೊಂದು. ಶಿವಶರಣರ ವಾಣಿಗೆ ಈ ಹೆಸರು ನಿಂತಮೇಲೆ ಇವೆರಡೂ ಕೂಡಿಯೇ ಇರಬೇಕೆಂಬ ನಿರೀಕ್ಷೆ ಕನ್ನಡಿಗರ ಮನಸ್ಸಿನಲ್ಲಿ ಬೇರೂರಿತು. ಆಡಿದ ಮಾತೆಲ್ಲವೂ ಕೊಟ್ಟ ಮಾತಿನಂತೆಯೇ ಇರಬೇಕು, ಆಡಿದವನು ಅದಕ್ಕೆ ಹೊಣೆಯಾಗಬೇಕು. ನಡೆ ನುಡಿಗಳು ಒಂದಾಗಬೇಕೆಂದು ಮಠಮಾನ್ಯಗಳಲ್ಲಿ ಕೇಳಿಬರುವ ಉಪದೇಶದ ತಿರುಳೂ ಇದೇ ಆಗಿದೆ. ಆದರೆ ಈ ಉಪದೇಶವನ್ನು ಕೇಳುವ ಗೃಹಸ್ಥನ ಕಣ್ಮುಂದೆ ನಿಲ್ಲುವುದು ಅಂಗಡಿಯ ವ್ಯವಹಾರ, ಸಾಲದ ಮಾತು, ಹೊಲದ ಗುತ್ತಿಗೆ, ಮದುವೆಯ ಮಾತುಕತೆ ಇಂಥವೇ. ಮನೆಯ ಮಗನು ಪಡಸಾಲೆಯ ಮೂಲೆಯಲ್ಲಿ ಕಿವಿಗೆ ಇಯರ್‌ಫೋನು ಸಿಕ್ಕಿಸಿಕೊಂಡು, ಮೊಬೈಲಿನ ಪರದೆಯನ್ನು ನೋಡುತ್ತ, ಕಾಣದ ಯಾರಿಗೋ ಕೂಗಿ ಹೇಳುವ ಮಾತು ಈ ಲೆಕ್ಕಕ್ಕೆ ಬರುವುದೆಂದು ಬಹುಜನರಿಗೆ ತೋರುವುದಿಲ್ಲ. ಅದು ಲೆಕ್ಕಕ್ಕೆ ಬರುವುದೋ ಇಲ್ಲವೋ ಎಂಬುದೇ ಪ್ರಕೃತ ವಿಚಾರ.

ಹೊಸಪೇಟೆಯ ಬಡಾವಣೆಗಳಲ್ಲಾಗಲಿ, ಸಂಡೂರಿನ ಗಣಿ ಕೆಲಸಗಾರರ ಮನೆಗಳಲ್ಲಾಗಲಿ, ಕಂಪ್ಲಿಯ ಓಣಿಗಳಲ್ಲಾಗಲಿ, ಹಂಪಿಯ ಯಾತ್ರಿಕರಿಗಾಗಿ ಕಾದು ಕುಳಿತ ಆಟೋದವರ ನಡುವೆಯಾಗಲಿ ಈ ನೋಟ ಹೊಸತಲ್ಲ. ದೀಪ ಹಚ್ಚುವ ಹೊತ್ತಿಗೆ "ಬಲಗಡಿ ಮನ್ಯಾಗ ಇಬ್ರು ಅದಾರ, ನೀ ಹಿಂದಿಂದ ಬಾ" ಎಂದೋ, "ನನ್ನ ಗುಂಡು ಮುಗದಾವು, ಯಾರರ ಕೊಡ್ರಲೇ" ಎಂದೋ ಕೂಗು ಕೇಳಿ ಮನೆಯವರು ಬೆಚ್ಚಿಬೀಳುತ್ತಿದ್ದ ಕಾಲ ಕಳೆಯಿತು. ಆಟದ ಬಗೆಯನ್ನು ಅರಿಯದ ಹಿರಿಯರಿಗಾಗಿ ಇಷ್ಟು ಹೇಳಬೇಕು. ಒಂದು ಕಲ್ಪಿತ ದ್ವೀಪದ ಮೇಲೆ ನೂರು ಜನ ಆಟಗಾರರು ವಿಮಾನದಿಂದ ಬರಿಗೈಯಲ್ಲಿ ಇಳಿಯುವರು. ಮನೆಮನೆಗಳನ್ನು ಹುಡುಕಿ ಆಯುಧ, ಕವಚ, ಔಷಧಗಳನ್ನು ಆಯ್ದುಕೊಳ್ಳುವರು. ಸುರಕ್ಷಿತವಾದ ಪ್ರದೇಶವು ಹೊತ್ತು ಕಳೆದಂತೆ ವೃತ್ತಾಕಾರವಾಗಿ ಕುಗ್ಗುತ್ತ ಎಲ್ಲರನ್ನೂ ಒಂದೆಡೆಗೆ ತಳ್ಳುವುದು. ಕಡೆಗೆ ಉಳಿದ ತಂಡವು ಗೆದ್ದಂತೆ. ನಾಲ್ವರ ತಂಡವೇ ವಾಡಿಕೆ. ಅದನ್ನು ಸ್ಕ್ವಾಡ್ ಎನ್ನುವರು. ಒಂದು ಸುತ್ತಿಗೆ ಸುಮಾರು ಅರ್ಧ ಗಂಟೆ ಹಿಡಿಯುವುದು. ಆ ನಾಲ್ವರಲ್ಲಿ ಒಬ್ಬನು ಹೊಸಪೇಟೆಯಲ್ಲಿಯೂ, ಇನ್ನೊಬ್ಬನು ಕಂಪ್ಲಿಯಲ್ಲಿಯೂ, ಮೂರನೆಯವನು ಬೆಂಗಳೂರಿನ ಹಾಸ್ಟೆಲಿನಲ್ಲಿಯೂ ಇರಬಹುದು; ನಾಲ್ಕನೆಯವನು ಯಾರೆಂಬುದೇ ಉಳಿದವರಿಗೆ ತಿಳಿದಿರದೆ ಹೋಗಬಹುದು. ಒಬ್ಬರ ಮುಖ ಒಬ್ಬರಿಗೆ ಕಾಣದು. ಅವರನ್ನು ಕೂಡಿಸಿರುವುದು ಮೈಕಿನಿಂದ ಕಿವಿಗೆ ಹರಿಯುವ ಧ್ವನಿಯೊಂದೇ.

ಧ್ವನಿಯು ಆಟದೊಳಕ್ಕೆ ಪ್ರವೇಶಿಸಿ ಇನ್ನೂ ಬಹಳ ಕಾಲವಾಗಿಲ್ಲ. 2002ರ ನವೆಂಬರಿನಲ್ಲಿ ಮೈಕ್ರೋಸಾಫ್ಟ್ ಕಂಪನಿಯು ಎಕ್ಸ್‌ಬಾಕ್ಸ್ ಲೈವ್ ಎಂಬ ಸೇವೆಯನ್ನು ಅಮೆರಿಕದಲ್ಲಿ ತೆರೆದಾಗ, ಮಾತಾಡಲು ಬೇಕಾದ ಹೆಡ್‌ಸೆಟ್ಟನ್ನೂ ಅದರ ಪೆಟ್ಟಿಗೆಯಲ್ಲೇ ಇಟ್ಟು ಮಾರಿತು. 2004ರಲ್ಲಿ ಹೊರಬಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟದಲ್ಲಿ ನಾಲ್ವತ್ತು ಮಂದಿ ಒಟ್ಟುಗೂಡಿ ಮಾಡಬೇಕಾದ ಕಾರ್ಯಗಳಿದ್ದವು. ಅದಕ್ಕಾಗಿ ಆಟಗಾರರು ಬೇರೆಯೇ ಧ್ವನಿಸಾಧನಗಳನ್ನು ಹೂಡಿಕೊಂಡರು. 2015ರಲ್ಲಿ ಡಿಸ್ಕಾರ್ಡ್ ಬಂತು. ಇವೆಲ್ಲ ಕಂಪ್ಯೂಟರು ಉಳ್ಳವರ ಮಾತಾಯಿತು. 2018ರಲ್ಲಿ ಪಬ್‌ಜಿ ಆಟವು ಮೊಬೈಲಿಗೆ ಬಂದಮೇಲೆ ಕಂಪ್ಯೂಟರನ್ನೇ ಕಾಣದ ಮನೆಗಳಿಗೂ ಈ ಕೂಗು ತಲಪಿತು. ಅನಂತರದ ಕಥೆ ವಾಚಕರಿಗೆ ತಿಳಿದುದೇ. 2020ರ ಸೆಪ್ಟೆಂಬರ್ 2ರಂದು ಭಾರತ ಸರ್ಕಾರ ಅದನ್ನು ನಿಷೇಧಿಸಿತು. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೆಸರಿನಿಂದ ಅದರ ಭಾರತೀಯ ರೂಪ ಬಂತು. 2022ರ ಜುಲೈನಲ್ಲಿ ಅದೂ ನಿಂತಿತು. 2023ರ ಮೇ ತಿಂಗಳಲ್ಲಿ ಮರಳಿತು. ಹಣವನ್ನು ಪಣವಾಗಿಟ್ಟು ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟಿನಲ್ಲಿ ಸಂಸತ್ತು ಅಂಗೀಕರಿಸಿದ ಕಾನೂನು ನಿಷೇಧಿಸಿತು. ಅದೇ ಕಾನೂನು ಇ-ಸ್ಪೋರ್ಟ್ಸ್ ಎಂಬ ಸ್ಪರ್ಧಾಕ್ರೀಡೆಗೆ ಮನ್ನಣೆಯಿತ್ತಿತು. ಪಣದ ಆಟ ಜೂಜು. ಅದರ ವಿಚಾರ ಇಲ್ಲಿಯದಲ್ಲ.

ಈ ಕೂಗಾಟದ ವಿಷಯದಲ್ಲಿ ಎರಡು ಅಭಿಪ್ರಾಯಗಳು ಮನೆಮನೆಗಳಲ್ಲಿ ಎದುರುಬದುರಾಗಿ ನಿಂತಿವೆ. "ಅದು ಬರೀ ಆಟ, ಆಟದಾಗ ಆಡಿದ ಮಾತಿಗೆ ಏನು ಬೆಲೆ" ಎನ್ನುವರು ಕಿರಿಯರು. "ಕೊಲ್ಲು ಬಡಿ ಎನ್ನುವ ಮಾತು ಬಾಯಿಗೆ ಬಂದಮೇಲೆ ಮನಸ್ಸಿಗೂ ಬರುವುದೇ" ಎನ್ನುವರು ಹಿರಿಯರು. ಹಿರಿಯರ ಮಾತನ್ನು ತಳ್ಳಿಹಾಕತಕ್ಕದ್ದಲ್ಲ. ಚದುರಂಗವೂ ಯುದ್ಧದ ಆಟವೇ ಅಲ್ಲವೇ ಎಂಬ ಸಮಾಧಾನ ಅಷ್ಟೇನೂ ಗಟ್ಟಿಯಾದುದಲ್ಲ. ಚದುರಂಗದ ಕಾಯಿ ಬಿದ್ದಾಗ ನರಳುವುದಿಲ್ಲ. ಆದರೂ ಹಿರಿಯರ ಆಕ್ಷೇಪಣೆ ಎದುರಾಳಿಯ ಕಡೆಗೆ ಮಾತ್ರ ನೋಡುತ್ತದೆ. ಆಟಗಾರನು ಇಡೀ ಅರ್ಧಗಂಟೆ ಮಾತನಾಡುವುದು ತನ್ನ ಕಡೆಯವರೊಡನೆ. ಪರೀಕ್ಷೆಗೊಳಗಾಗುವ ಮಾತು ಅಲ್ಲಿದೆ.

ಆಟದಲ್ಲಿ ಮಾತಿಗೆ ಬೆಲೆಯಿಲ್ಲವೆಂಬ ಕಿರಿಯರ ವಾದಕ್ಕೆ ಉತ್ತರ ಕೊಡಲು ದೂರ ಹೋಗಬೇಕಾಗಿಲ್ಲ. ಶಾಲೆಯ ಅಂಗಳದಲ್ಲಿ ಆಡುವ ಖೋ ಖೋ ಆಟವನ್ನೇ ನೋಡಬಹುದು. ಎಂಟು ಮಂದಿ ಸಾಲಾಗಿ, ಒಬ್ಬರು ಇತ್ತ ಒಬ್ಬರು ಅತ್ತ ಮುಖಮಾಡಿ ಕುಳಿತಿರುವರು, ಒಂಬತ್ತನೆಯವನು ಬೆನ್ನಟ್ಟುತ್ತಿರುವನು. ಕುಳಿತವನು ತನ್ನಿಷ್ಟದಂತೆ ಏಳುವಂತಿಲ್ಲ. ಹಿಂದಿನಿಂದ ಬಂದವನು ಬೆನ್ನು ಮುಟ್ಟಿ, ಎಲ್ಲರಿಗೂ ಕೇಳುವಂತೆ "ಖೋ" ಎಂದಮೇಲೆಯೇ ಏಳಬೇಕು. ಮುಟ್ಟದೆ ನುಡಿದರೆ ತಪ್ಪು. ನುಡಿಯದೆ ಮುಟ್ಟಿದರೂ ತಪ್ಪು. ಆ ಒಂದಕ್ಷರದ ನುಡಿ ಅಲ್ಲಿ ಕಾರ್ಯದ ಅಂಗವೇ ಆಗಿದೆ. ಅದು ತಪ್ಪಿದರೆ ಆಟವೇ ತಪ್ಪಿತು. ಬೆನ್ನ ಹಿಂದೆ ನಡೆಯುವುದನ್ನು ಕಾಣಲಾರದ ಹುಡುಗನು ಒಂದು ಧ್ವನಿಯನ್ನು ನಂಬಿ ಎದ್ದು ಓಡುವನೆಂಬುದನ್ನು ಯೋಚಿಸಿ ನೋಡಿದರೆ, ಮೊಬೈಲಿನ ಆಟಗಾರನ ಸ್ಥಿತಿ ಅದಕ್ಕಿಂತ ಬಹಳ ಬೇರೆಯಾದುದಲ್ಲ. (2025ರ ಜನವರಿಯಲ್ಲಿ ದೆಹಲಿಯಲ್ಲಿ ಜರುಗಿದ ಖೋ ಖೋ ವಿಶ್ವಕಪ್ಪಿನ ಮೊದಲನೆಯ ಪಂದ್ಯಾವಳಿಯಲ್ಲಿ ಭಾರತದ ಗಂಡಸರ ತಂಡವೂ ಹೆಂಗಸರ ತಂಡವೂ ಗೆದ್ದವು. ಅಂಗಳದ ಆಟ ಅಳಿಯಿತೆಂದು ಕೊರಗುವವರು ಇದನ್ನು ನೆನೆಯಬಹುದು.)

ಹಾಗಾದರೆ ಆಟದಲ್ಲಿ ಮೋಸವೇ ಕೂಡದೋ ಎಂಬ ಪ್ರಶ್ನೆ ಏಳುವುದು. ಎಡಕ್ಕೆ ಹೋಗುವಂತೆ ತೋರಿಸಿ ಬಲಕ್ಕೆ ತಿರುಗುವ ಖೋ ಖೋ ಆಟಗಾರನು ಸುಳ್ಳನಲ್ಲ. ಅಂಥ ಚಮತ್ಕಾರವನ್ನು ಎದುರಾಳಿಯು ಮೊದಲೇ ಒಪ್ಪಿಯೇ ಕಣಕ್ಕಿಳಿದಿರುವನು. 2018ರಲ್ಲಿ ಬಂದು 2020ರಲ್ಲಿ ಮನೆಮಾತಾದ ಅಮಾಂಗ್ ಅಸ್ ಎಂಬ ಆಟದಲ್ಲಂತೂ ಸುಳ್ಳಾಡುವುದೇ ಒಬ್ಬಿಬ್ಬರ ಪಾಲಿಗೆ ಬಂದ ವೇಷ. ಬಯಲಾಟದಲ್ಲಿ ರಕ್ಕಸನ ವೇಷ ಕಟ್ಟಿದವನು ರಕ್ಕಸನಾಗುವುದಿಲ್ಲವಷ್ಟೇ. ತಂಡದವನಿಗೆ ಆಡುವ ಸುಳ್ಳಿನ ಮಾತೇ ಬೇರೆ. ಮನೆಯೊಳಗೆ ವೈರಿಯಿರುವನೆಂದು ಅರಿತೂ "ಯಾರೂ ಇಲ್ಲ, ಹೋಗು" ಎಂದು ಗೆಳೆಯನನ್ನು ಮುಂದೆ ಕಳಿಸಿ, ಅವನು ಬಿದ್ದಮೇಲೆ ಅವನ ಸಾಮಗ್ರಿಯನ್ನು ಬಾಚಿಕೊಳ್ಳುವವನು ಯಾವ ವೇಷವನ್ನೂ ಕಟ್ಟಿಲ್ಲ. ಅವನು ಆಡಿದ ಮಾತನ್ನು ಇನ್ನೊಬ್ಬನು ಕೊಟ್ಟ ಮಾತೆಂದು ನಂಬಿದ್ದನು. ಕಳೆದುದು ಚಿತ್ರದ ಬಂದೂಕಾದರೂ ಮುರಿದ ನಂಬಿಕೆ ಚಿತ್ರದ್ದಲ್ಲ.

ಧ್ವನಿಯ ಆಟದಲ್ಲಿ ದೇಹವು ಹಾಜರಿಲ್ಲ. ಆದುದರಿಂದ ಅಲ್ಲಿ ಮಾಡುವುದಕ್ಕೂ ಹೇಳುವುದಕ್ಕೂ ಇರುವ ಅಂತರ ಕಿರಿದಾಗುವುದು. ಹೊಲದಲ್ಲಿ ಜತೆಗಾರನು ಬಾಯಿಬಡುಕನಾದರೂ ಕೈಯಿಂದ ಕೆಲಸ ಮಾಡಿದರೆ ಸೈರಿಸಬಹುದು. ಇಲ್ಲಿ ಜತೆಗಾರನ ಕೆಲಸದ ಬಹುಭಾಗವೇ ಹೇಳುವುದು: ಎಲ್ಲಿ ಯಾರು ಕಂಡರು, ತನ್ನಲ್ಲಿ ಎಷ್ಟು ಔಷಧ ಉಳಿಯಿತು, ತಾನು ಯಾವ ಕಡೆ ಹೊರಟೆ, ಎಷ್ಟು ಹೊತ್ತಿಗೆ ಬಂದೇನು. ತನಗೆ ಸಿಕ್ಕ ಔಷಧವನ್ನು ಇಲ್ಲದವನ ಮುಂದೆ ಇಡುವುದೂ, ಒಬ್ಬನೇ ಓಡಿ ಕೀರ್ತಿ ಗಳಿಸುವ ಆಸೆಯನ್ನು ಬಿಟ್ಟು ಹಿಂದುಳಿದವನಿಗಾಗಿ ಕಾಯುವುದೂ ಇಲ್ಲಿ ನಿತ್ಯದ ಸಂಗತಿಗಳು. ಇವನ್ನು ಕಂಡು ಕೆಲವರು ಕಾಯಕ ದಾಸೋಹಗಳ ಹೆಸರೆತ್ತುವುದುಂಟು. ಅದು ಆತುರದ ಮಾತು. ದಾಸೋಹದಲ್ಲಿ ಕೊಟ್ಟುದು ಮರಳಿ ಬರಬೇಕೆಂಬ ಎಣಿಕೆಯಿರುವುದಿಲ್ಲ. ಗೆಳೆಯನಿಗೆ ಗುಂಡು ಕೊಟ್ಟವನು ಆ ಗುಂಡು ತನ್ನನ್ನೂ ಕಾಯುವುದೆಂದು ಬಲ್ಲನು.

ಎಣಿಕೆಯಿದ್ದರೂ ಕೂಡಿ ಮಾಡುವ ಕೆಲಸ ದೊಡ್ಡದಾಗಬಲ್ಲದೆಂಬುದಕ್ಕೆ ಹೊಸಪೇಟೆಯವರು ಬೇರೆ ಸಾಕ್ಷಿಯನ್ನು ಹುಡುಕಬೇಕಾಗಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 33 ಗೇಟುಗಳಲ್ಲಿ 19ನೆಯದರ ಸರಪಳಿ ಕಡಿದು ಗೇಟು ಕೊಚ್ಚಿಹೋಯಿತು. ಜಲಾಶಯ ತುಂಬಿತ್ತು. ಕೆಳಗಿನ ಕಾಲುವೆಗಳನ್ನೂ ಬೆಳೆಯನ್ನೂ ನಂಬಿದ ಜಿಲ್ಲೆಗಳು ಉಸಿರು ಬಿಗಿಹಿಡಿದು ನೋಡಿದವು. ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲಿಯೇ, ಉಕ್ಕಿನ ತಡೆಯ ಭಾಗಗಳನ್ನು ಒಂದರ ಮೇಲೊಂದರಂತೆ ಇಳಿಸಿ ಒಂದು ವಾರದೊಳಗಾಗಿ ಆ ಬಾಯಿಯನ್ನು ಮುಚ್ಚಿದರು. ಒಟ್ಟು ಐದು ಭಾಗಗಳು. ಇಂಥ ಕೆಲಸದಲ್ಲಿ ಕ್ರೇನು ನಡೆಸುವವನು ಕೆಳಗಿನ ಸಂದನ್ನು ತಾನಾಗಿ ಕಾಣಲಾರನು; ಅಂಚಿನಲ್ಲಿ ನಿಂತವನ ಕೈಸನ್ನೆಯನ್ನೂ ಕೂಗನ್ನೂ ನಂಬಿಯೇ ಇಳಿಸಬೇಕು, ನಂಬಿಯೇ ತಡೆಯಬೇಕು. ಅಂಚಿನವನು ಒಂದು ಗೇಣು ತಪ್ಪಾಗಿ ಹೇಳಿದರೆ ಆಗುವ ಅನಾಹುತವನ್ನು ವಿವರಿಸಬೇಕಾಗಿಲ್ಲ. ಹಂಪಿಯ ವಿರೂಪಾಕ್ಷನ ತೇರಿನಲ್ಲಿ ಗಾಲಿಗೆ ಮರದ ತುಂಡು ಕೊಟ್ಟು ತಡೆಯುವವನೂ ಮಿಣಿ ಹಿಡಿದ ನೂರಾರು ಜನರಿಗೆ ಕಾಣುವುದಿಲ್ಲ. ಅವನ ಕೂಗಿಗೆ ಅವರು ನಿಲ್ಲುವರು. ಅಣೆಕಟ್ಟೆಯ ಕೆಲಸಕ್ಕೂ ಮೊಬೈಲಿನ ಆಟಕ್ಕೂ ಗೌರವದಲ್ಲಿ ಸಮಾನತೆಯಿಲ್ಲ. ಹಾಗೆಂದು ಯಾರಾದರೂ ಸಾಧಿಸಹೊರಟರೆ ನಗೆಪಾಟಲಾಗುವರು. ಕಾಣದವನ ನುಡಿಗೆ ತನ್ನ ಕೈಯನ್ನು ಒಪ್ಪಿಸುವ ಅಭ್ಯಾಸವೊಂದು ಮಾತ್ರ ಎರಡರಲ್ಲಿಯೂ ಇದೆ.

ಇಲ್ಲಿ ಒಂದು ಗಟ್ಟಿಯಾದ ಆಕ್ಷೇಪಣೆಯನ್ನು ಎದುರಿಸಬೇಕಾಗುವುದು. ಕಳ್ಳರ ಗುಂಪಿನಲ್ಲಿಯೂ ಒಗ್ಗಟ್ಟಿರುವುದಿಲ್ಲವೇ? ಅವರೂ ತಮ್ಮತಮ್ಮೊಳಗೆ ಮಾತಿಗೆ ತಪ್ಪುವುದಿಲ್ಲ, ಲೂಟಿಯನ್ನು ಹಂಚಿಕೊಳ್ಳುವರು, ಬಿದ್ದವನನ್ನು ಎತ್ತಿಕೊಂಡು ಓಡುವರು. ಅವರ ಒಗ್ಗಟ್ಟಿಗೆ ಸದ್ಗುಣವೆಂಬ ಹೆಸರನ್ನು ಯಾರೂ ಕೊಡರು. ಹೀಗಿರುವಾಗ ಗೆಲ್ಲುವುದಕ್ಕಾಗಿ ನಾಲ್ವರು ಒಂದಾದರೆಂದು ಹೊಗಳುವುದೇನಿದೆ? ಅಮೆರಿಕದ ಡಿಮಿಟ್ರಿ ವಿಲಿಯಮ್ಸ್ ಮತ್ತು ಸಂಗಡಿಗರು 2007ರಲ್ಲಿ ಪ್ರಕಟಿಸಿದ ಒಂದು ಶೋಧನೆಯಲ್ಲಿ, ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರ ಕೆಲವು ತಂಡಗಳಿಗೆ ಧ್ವನಿಯ ಸೌಕರ್ಯವನ್ನು ಕೊಟ್ಟು, ಉಳಿದವರು ಬರೆದು ಮಾತಾಡುವಂತೆ ಬಿಟ್ಟು ನೋಡಿದರು. ಧ್ವನಿ ಕೇಳಿಸಿಕೊಂಡವರಲ್ಲಿ ಪರಸ್ಪರ ಪ್ರೀತಿಯೂ ನಂಬಿಕೆಯೂ ಹೆಚ್ಚಿದುವೆಂದು ಕಂಡುಬಂತು. ಇದು ಹೌದಾದ ಮಾತೇ. ಕಂಠಸ್ವರಕ್ಕೆ ಆ ಶಕ್ತಿಯಿದೆ. ಆದರೆ ಆಕ್ಷೇಪಣೆಗೆ ಇದು ಸಮಾಧಾನವಾಗದು. ನಂಬಿಕೆ ಬೆಳೆಯಿತೆಂದ ಮಾತ್ರಕ್ಕೆ ನಂಬಿಕೆಗೆ ಅರ್ಹತೆಯೂ ಬೆಳೆಯಿತೆಂದು ಆಗುವುದಿಲ್ಲ.

ಸಮಾಧಾನವನ್ನು ಬೇರೆಡೆಯಲ್ಲಿ ಹುಡುಕಬೇಕು. ಗೆಲುವಿಗೆ ನೆರವಾಗುವವನೊಡನೆ ಆಡುವ ಸವಿಮಾತಿನಲ್ಲಿ ಮನುಷ್ಯನ ಗುಣ ಕಾಣದು. ಗೆಲುವಿಗೆ ಇನ್ನು ಬೇಡವಾದವನೊಡನೆ ಆಡುವ ಮಾತಿನಲ್ಲಿ ಕಾಣುವುದು. ಈ ಆಟದಲ್ಲಿ ಅದಕ್ಕೊಂದು ಸಂದರ್ಭ ತಾನಾಗಿ ಒದಗುತ್ತದೆ. ಏಟು ತಿಂದವನು ಒಮ್ಮೆಗೇ ಸಾಯನು. ನೆಲದ ಮೇಲೆ ತೆವಳುತ್ತ ಸ್ವಲ್ಪ ಹೊತ್ತು ಉಳಿಯುವನು. ಸಂಗಡಿಗನೊಬ್ಬ ಬಂದು ಪಕ್ಕದಲ್ಲಿ ಕುಳಿತು ಕೆಲವು ಸೆಕೆಂಡು ಉಪಚರಿಸಿದರೆ ಮತ್ತೆ ಏಳುವನು. ಅದಕ್ಕೆ ರಿವೈವ್ ಎನ್ನುವರು. ಉಪಚರಿಸುವವನು ಆ ಹೊತ್ತಿನಲ್ಲಿ ಆಯುಧ ಹಿಡಿಯಲಾರನು, ವೈರಿಗೆ ಬಯಲಾಗಿರುವನು. ಗೆಲುವಿನ ಲೆಕ್ಕದಿಂದ ಎಷ್ಟೋ ಸಲ ಬಿದ್ದವನನ್ನು ಬಿಟ್ಟು ಓಡುವುದೇ ಜಾಣತನ. ಹಾಗೆ ಓಡಿದವನನ್ನು ತಪ್ಪಿತಸ್ಥನೆಂದು ಹೇಳುವಂತೆಯೂ ಇಲ್ಲ. ಆದರೆ ಓಡುವ ಮುನ್ನ ಅವನು ಮೈಕಿನಲ್ಲಿ ಏನೆಂದನು? "ನಿನ್ನಿಂದನೇ ಸೋತಿವಿ, ಆಟ ಬರಲ್ಲಂದ್ರ ಯಾಕ ಬರ್ತಿ" ಎಂದನೋ, "ಬರಾಕ ಆಗಲ್ಲೋ, ಅವರು ಎದುರಿಗೇ ಅದಾರ" ಎಂದನೋ? ಎರಡರಲ್ಲಿಯೂ ಬಿದ್ದವನು ಉಳಿಯಲಿಲ್ಲ, ಗೆಲುವಿನ ಲೆಕ್ಕದಲ್ಲಿ ವ್ಯತ್ಯಾಸವಿಲ್ಲ. ಉಳಿದ ವ್ಯತ್ಯಾಸವೆಲ್ಲ ಆಡಿದವನಲ್ಲಿದೆ. ಹೊಸದಾಗಿ ಕಲಿಯುವ ಚಿಕ್ಕ ಹುಡುಗನು ತಂಡಕ್ಕೆ ಸೇರಿ ದಾರಿ ತಪ್ಪಿದಾಗಲೂ, ನೆಟ್‌ವರ್ಕು ಕೈಕೊಟ್ಟು ಒಬ್ಬನು ನಡುವೆ ನಿಂತುಬಿಟ್ಟಾಗಲೂ ಇದೇ ಪರೀಕ್ಷೆ ಮರಳಿ ಬರುವುದು.

ಈ ಪರೀಕ್ಷೆಯಲ್ಲಿ ಆಟಗಾರರ ಲೋಕ ಎಲ್ಲಿ ಹೆಚ್ಚಾಗಿ ಸೋತಿದೆಯೆಂದು ಕೇಳಿದರೆ ಉತ್ತರ ಸ್ಪಷ್ಟವಾಗಿದೆ. ಕುಜ್ನೆಕಾಫ್ ಮತ್ತು ರೋಸ್ ಎಂಬ ವಿದ್ವಾಂಸರು 2013ರಲ್ಲಿ ಪ್ರಕಟವಾದ ತಮ್ಮ ಅಧ್ಯಯನಕ್ಕಾಗಿ ಹೇಲೋ 3 ಎಂಬ ಆಟದೊಳಕ್ಕೆ ಮೊದಲೇ ಮುದ್ರಿಸಿಟ್ಟ ಧ್ವನಿಗಳನ್ನು ಕಳಿಸಿದರು. ಒಂದು ಗಂಡಿನ ಧ್ವನಿ, ಒಂದು ಹೆಣ್ಣಿನ ಧ್ವನಿ. ಆಡಿದ ಮಾತುಗಳು ಮಾತ್ರ ಒಂದೇ, ಯಾರಿಗೂ ನೋವಾಗದ ಸಾಧಾರಣ ಮಾತುಗಳು. ಮೂರನೆಯ ಆಟಗಾರನು ಮೌನವಾಗಿದ್ದನು. ಹೆಣ್ಣಿನ ಧ್ವನಿಗೆ ಬಂದ ಹೀನ ನುಡಿಗಳು ಉಳಿದವಕ್ಕಿಂತ ಮೂರು ಪಟ್ಟು. ಅನೇಕ ಹೆಣ್ಣುಮಕ್ಕಳು ಮೈಕನ್ನು ಮುಚ್ಚಿಕೊಂಡೇ ಆಡುವುದೇಕೆಂಬುದು ಇದರಿಂದ ತಿಳಿಯುವುದು. 2019ರಲ್ಲಿ ಬಂದ ಏಪೆಕ್ಸ್ ಲೆಜೆಂಡ್ಸ್ ಎಂಬ ಆಟದಲ್ಲಿ ಧ್ವನಿಯಿಲ್ಲದೆಯೇ ಗುರುತು ಒತ್ತಿ ದಾರಿ, ಆಯುಧ, ವೈರಿ ಎಲ್ಲವನ್ನೂ ಸಂಗಡಿಗರಿಗೆ ತೋರಿಸುವ ಸನ್ನೆಯ ವ್ಯವಸ್ಥೆಯನ್ನು ಮಾಡಿದರು. ಅದು ಒಳ್ಳೆಯ ಉಪಾಯವೇ. ಆದರೂ ಕೂಡಿದ ಮನೆಯಲ್ಲಿ ಒಬ್ಬಳು ಬಾಯಿ ಬಿಡಲು ಹೆದರಿ ಸನ್ನೆಯಿಂದ ನೀರು ಕೇಳುತ್ತಿದ್ದರೆ, ಸನ್ನೆಯ ಜಾಣತನವನ್ನು ಹೊಗಳಿ ಸುಮ್ಮನಾಗುವ ಯಜಮಾನನ ಬಗ್ಗೆ ಏನೆನ್ನಬೇಕು?

ಮಾತಿನ ಸಭೆಯಲ್ಲಿ ಹೆಣ್ಣಿನ ದನಿಗೆ ಸ್ಥಾನವೆಲ್ಲಿ ಎಂಬ ಪ್ರಶ್ನೆ ಈ ಪ್ರಾಂತಕ್ಕೆ ಹೊಸತಲ್ಲ. ಹನ್ನೆರಡನೆಯ ಶತಮಾನದ ಶರಣರ ಬಿಡಿ ವಚನಗಳನ್ನು ಆಯ್ದು, ಒಬ್ಬರು ಕೇಳಿ ಇನ್ನೊಬ್ಬರು ಉತ್ತರಿಸುವ ಸಂವಾದವಾಗಿ ಕಟ್ಟಿದ ಗ್ರಂಥ ಶೂನ್ಯಸಂಪಾದನೆ. ಅದು ರೂಪುಗೊಂಡದ್ದು ಹದಿನೈದನೆಯ ಶತಮಾನದಲ್ಲಿ, ವಿಜಯನಗರದ ಅರಸರ ಕಾಲದಲ್ಲಿ. ಪ್ರೌಢದೇವರಾಯನ ಕಾಲದಲ್ಲಿ ನೂರೊಂದು ವಿರಕ್ತರು ಶರಣಸಾಹಿತ್ಯದ ಪುನರುದ್ಧಾರಕ್ಕೆ ತೊಡಗಿದರೆಂದು ಪರಂಪರೆ ಹೇಳುವುದು. ಆ ಅರಸನ ದಂಡನಾಯಕ ಲಕ್ಕಣ್ಣ ದಂಡೇಶನೇ ಶಿವತತ್ತ್ವಚಿಂತಾಮಣಿಯನ್ನು ಬರೆದನು. ಚದುರಿದ ದನಿಗಳನ್ನು ಒಂದು ಸಂಭಾಷಣೆಯಾಗಿ ಕೂಡಿಸಿದ ಆ ಕೆಲಸಕ್ಕೆ ಹಂಪಿಯ ನೆಲ ಹೀಗೆ ಸಾಕ್ಷಿಯಾಗಿದೆ. ಆ ಗ್ರಂಥದಲ್ಲಿ ಅಕ್ಕಮಹಾದೇವಿ ಕಲ್ಯಾಣಕ್ಕೆ ಬಂದಾಗ ಅಲ್ಲಮಪ್ರಭು ಅವಳನ್ನು ಕಠಿನವಾಗಿಯೇ ಪ್ರಶ್ನಿಸುವನು. ಅಲ್ಲಿ ಮೃದುತ್ವವಿಲ್ಲ. ಆದರೆ ಪ್ರಶ್ನೆ ಕೇಳಿದವನು ಉತ್ತರಕ್ಕಾಗಿ ಕಾಯುವನು. ಉತ್ತರ ಬಂದಮೇಲೆ ಸಭೆಯೆಲ್ಲವೂ ಅವಳಿಗೆ ಶರಣೆನ್ನುವುದು. ಗದರಿಸಿ ಬಾಯಿ ಮುಚ್ಚಿಸುವುದಕ್ಕೂ ಕಠಿನವಾಗಿ ಕೇಳಿ ಬಾಯಿ ತೆರೆಸುವುದಕ್ಕೂ ಇರುವ ಭೇದವನ್ನು ಅರಿಯಲು ಮೈಕು ಹಿಡಿದ ತರುಣರಿಗೆ ಅದಕ್ಕಿಂತ ಸಮೀಪದ ಪ್ರಸಂಗ ದೊರೆಯದು.

ಹೀನ ನುಡಿ ಇಷ್ಟು ಸುಲಭವಾಗಿ ಬಾಯಿಗೆ ಬರುವುದೇಕೆ? ಹೆಸರು ತನ್ನದಲ್ಲ, ಮುಖ ಕಾಣದು, ನಾಳೆ ಎದುರಾಗಲಾರ ಎಂಬ ಧೈರ್ಯದಿಂದ ಎನ್ನುವುದು ಎಲ್ಲರ ಉತ್ತರ. ಆಟಗಾರರು ಇಟ್ಟುಕೊಳ್ಳುವ ಹೆಸರುಗಳೋ ವಿಚಿತ್ರ. ಹುಲಿ, ಯಮ, ಕಿಂಗ್ ಮುಂತಾಗಿ, ಅಂಕಿ ಚಿಹ್ನೆಗಳೊಡನೆ. ಆದರೆ ಹೆಸರು ಮರೆಮಾಡುವುದೇ ದೋಷವೆನ್ನುವಂತಿಲ್ಲ. ವಚನಕಾರರೂ ತಮ್ಮ ವಚನಗಳ ಕಡೆಗೆ ತಮ್ಮ ಹೆಸರನ್ನು ಹಾಕಲಿಲ್ಲ. ಬಸವಣ್ಣನವರದು ಕೂಡಲಸಂಗಮದೇವನ ಅಂಕಿತ, ಅಕ್ಕನದು ಚೆನ್ನಮಲ್ಲಿಕಾರ್ಜುನನದು. ಎರಡು ಕಡೆಯೂ ಹುಟ್ಟುಹೆಸರು ಮರೆಯಾಗಿದೆ. ಅಂಕಿತವನ್ನು ಹಾಕುವವನು ತಾನು ನಂಬಿದ ದೈವವನ್ನು ತನ್ನ ಮಾತಿಗೆ ಸಾಕ್ಷಿಯಾಗಿ ಕರೆದು ನಿಲ್ಲಿಸುವನು. ಸುಳ್ಳಾಡಿದರೆ ಆ ಸಾಕ್ಷಿಯ ಎದುರಿನಲ್ಲಿಯೇ ಆಡಬೇಕು. ಆಟದ ಹೆಸರಿನಲ್ಲಿ ಅವಿತವನು ಸಾಕ್ಷಿಯೇ ಇಲ್ಲವೆಂದು ಭಾವಿಸಿ ಮಾತನಾಡುವನು. ಆಟದ ಕಂಪನಿಗಳು ರಿಪೋರ್ಟ್ ಮಾಡುವ ಗುಂಡಿಯನ್ನೂ ಮ್ಯೂಟ್ ಮಾಡುವ ಗುಂಡಿಯನ್ನೂ ಇಟ್ಟಿವೆ. ಅವು ಬೇಕು. ಬೈಗುಳ ಕೇಳಿದ ಮಗುವಿಗೆ ಆ ಗುಂಡಿ ಎಲ್ಲಿದೆಯೆಂದು ತೋರಿಸಿಕೊಡುವುದು ತಂದೆತಾಯಿಗಳ ಕರ್ತವ್ಯವೂ ಹೌದು. ಹೊರಗಿನ ಸಾಕ್ಷಿಯನ್ನು ಇಡಲು ಯಂತ್ರಕ್ಕೆ ಸಾಧ್ಯ. ಒಳಗಿನದನ್ನು ಅದು ಇಡಲಾರದು.

ಇನ್ನು ಮನೆಯ ಹಿರಿಯರ ಪಾಲಿನ ಮಾತು. ಪಕ್ಕದ ಕೋಣೆಯಲ್ಲಿ ಕುಳಿತವರಿಗೆ ಕೇಳುವುದು ಸಂಭಾಷಣೆಯ ಅರ್ಧ ಮಾತ್ರ. ಇನ್ನರ್ಧ ಮಗನ ಕಿವಿಯಲ್ಲೇ ಉಳಿಯುವುದು. ಅರ್ಧ ಕೇಳಿ ಪೂರ್ತಿ ತೀರ್ಪು ಕೊಡುವುದು ನ್ಯಾಯವಲ್ಲ. ಕೆಲವು ಹೊತ್ತು ಇಯರ್‌ಫೋನನ್ನು ತೆಗೆಸಿ, ಎರಡು ಬದಿಯ ಮಾತೂ ಮನೆಯಲ್ಲಿ ಕೇಳುವಂತೆ ಆಡಲು ಹೇಳಿದರೆ ಬಹಳ ಸಂಗತಿಗಳು ತಾವಾಗಿ ತಿಳಿಯುವುವು. ಅಪರಿಚಿತನೊಬ್ಬ ಮಗುವಿನ ಊರು, ಶಾಲೆ, ಮನೆಯ ವಿವರ ಕೇಳುತ್ತಿದ್ದರೆ ಅದೂ ತಿಳಿಯುವುದು. ಹದಿನೆಂಟು ತುಂಬದವರು ಆಡಲು ತಂದೆತಾಯಿಗಳ ಒಪ್ಪಿಗೆ ಬೇಕೆಂಬ ನಿಯಮವನ್ನು ಬಿಜಿಎಂಐ 2021ರಲ್ಲಿಯೇ ಇಟ್ಟಿತು. 2023ರಲ್ಲಿ ಮರಳಿ ಬಂದಾಗ ಅಂಥವರಿಗೆ ದಿನಕ್ಕೆ ಮೂರು ಗಂಟೆಯ ಮಿತಿಯನ್ನು ಹಾಕಿತ್ತು. ಮೂರು ಗಂಟೆಯೇ ಹೆಚ್ಚೆಂದು ತೋರುವ ಮನೆಗಳು ಅನೇಕ. ಆ ಮಿತಿಯನ್ನು ಇನ್ನೂ ಕಡಿಮೆ ಮಾಡುವ ಅಧಿಕಾರ ಯಾವ ಕಂಪನಿಯ ಅಪ್ಪಣೆಗೂ ಕಾಯಬೇಕಾಗಿಲ್ಲ.

ನಾರ್ವೆ ದೇಶದ ಮಾಟ್ಸ್ ಸ್ಟೀನ್ ಎಂಬ ತರುಣನ ವೃತ್ತಾಂತವನ್ನೂ ಹಿರಿಯರು ತಿಳಿದಿರುವುದು ಒಳ್ಳೆಯದು. ಸ್ನಾಯುಗಳು ಕ್ಷಯಿಸುವ ಹುಟ್ಟುರೋಗದಿಂದ ಗಾಲಿಕುರ್ಚಿಗೆ ಕಟ್ಟುಬಿದ್ದಿದ್ದ ಅವನು 2014ರಲ್ಲಿ, ಇಪ್ಪತ್ತೈದನೆಯ ವಯಸ್ಸಿನಲ್ಲಿ ತೀರಿಕೊಂಡನು. ಹಗಲಿರುಳೂ ಕಂಪ್ಯೂಟರಿನ ಮುಂದೆ ಕುಳಿತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುತ್ತಿದ್ದ ಮಗನು ಸ್ನೇಹವನ್ನೇ ಕಾಣದೆ ಹೋದನೆಂದು ತಂದೆತಾಯಿಗಳು ಮರುಗುತ್ತಿದ್ದರು. ಅವನು ಬರೆಯುತ್ತಿದ್ದ ಬ್ಲಾಗಿನಲ್ಲಿ ಮರಣವಾರ್ತೆಯನ್ನು ಹಾಕಿದಾಗ, ಅವನು ತಮಗೆ ಕಷ್ಟಕಾಲದಲ್ಲಿ ಹೇಗೆ ಆಸರೆಯಾದನೆಂದು ನಾನಾ ದೇಶಗಳ ಆಟದ ಸಂಗಡಿಗರಿಂದ ಪತ್ರಗಳು ಬರತೊಡಗಿದವು. ಕೆಲವರು ಅಂತ್ಯಕ್ರಿಯೆಗೂ ಬಂದರು. ಅವನು ಅವರಿಗೆ ಮುಖ ತೋರಿಸಿದವನಲ್ಲ. ಬಹುತೇಕ ಬರೆದ ಮಾತುಗಳಿಂದಲೇ ಆ ಸ್ನೇಹ ಬೆಳೆದಿತ್ತು. ಆ ಸಂಗತಿಯನ್ನು ಕುರಿತ ಚಲನಚಿತ್ರ 2024ರಲ್ಲಿ ಹೊರಬಂತು. ಇದನ್ನು ಓದಿ ಎಲ್ಲ ಮಕ್ಕಳನ್ನೂ ಆಟಕ್ಕೆ ಬಿಟ್ಟುಬಿಡಬೇಕೆಂದು ಯಾರೂ ತಿಳಿಯಬಾರದು. ನಡೆದಾಡಬಲ್ಲ ಹುಡುಗನಿಗೆ ತುಂಗಭದ್ರೆಯ ದಂಡೆ ಇದೆ, ಮೈದಾನವಿದೆ, ಹೊಲದ ಕೆಲಸವಿದೆ. ಆದರೆ ಮಗನು ಯಾರೊಡನೆ ಮಾತನಾಡುತ್ತಿರುವನೆಂದು ಅವನು ಬದುಕಿರುವಾಗಲೇ ಕೇಳಿ ತಿಳಿಯುವ ಅವಕಾಶ ಆ ತಂದೆತಾಯಿಗಳಿಗೆ ತಪ್ಪಿತು.

ಹಿರಿಯರು ಅರಿಯಬೇಕಾದ ಇನ್ನೊಂದು ಸೂಕ್ಷ್ಮವಿದೆ. ಇತರರೊಡನೆ ಕೂಡಿ ಆಡುವ ಈ ಆಟವನ್ನು ನಡುವೆ ತಡೆದು ನಿಲ್ಲಿಸಲು ಬರುವುದಿಲ್ಲ. ಒಬ್ಬನು ಎದ್ದರೆ ಉಳಿದ ಮೂವರು ಅವನಿಲ್ಲದೆ ನಡೆಯಬೇಕು. ಆದುದರಿಂದ ತಾಯಿ "ಊಟಕ್ಕ ಬಾರೋ" ಎಂದಾಗ "ಯವ್ವಾ, ಇನ್ನ ಹತ್ತ ನಿಮಿಷ" ಎನ್ನುವ ಮಗನು ಯಾವಾಗಲೂ ಹಟಮಾರಿಯೆಂದು ಎಣಿಸಬಾರದು. ಅವನು ಮೂವರಿಗೆ ಮಾತು ಕೊಟ್ಟು ಕುಳಿತಿರಬಹುದು. ಫೋನು ಕಸಿದುಕೊಂಡರೆ ಮಾತಿಗೆ ತಪ್ಪುವ ಪಾಠವನ್ನು ಮನೆಯವರೇ ಕಲಿಸಿದಂತಾಗುವುದು. ಆದರೆ ಸುತ್ತು ಶುರುಮಾಡುವ ಮೊದಲು ಊಟದ ಹೊತ್ತು ಅವನಿಗೂ ತಿಳಿದಿತ್ತು. ಕೊಡಲಾಗದ ಅರ್ಧಗಂಟೆಯನ್ನು ಮೂವರಿಗೆ ಕೊಡುವೆನೆಂದು ಹೇಳಿದ್ದು ಅವನ ಮೊದಲ ತಪ್ಪು, ಉಳಿದುವೆಲ್ಲ ಅದರ ಹಿಂದೆ ಬಂದುವು. ಸುತ್ತಿಗೆ ಮುನ್ನ ಹೊತ್ತು ಕೇಳಿಕೊಳ್ಳುವುದು ಮಗನ ಕೆಲಸ. ಸುತ್ತು ನಡೆದಿರುವಾಗ ಇನ್ನೆಷ್ಟು ಉಳಿಯಿತೆಂದು ಕೇಳಿ, ಒಪ್ಪಿದಷ್ಟು ಕಾಯುವುದು ತಾಯಿತಂದೆಗಳ ಕೆಲಸ.

ಹೊತ್ತು ನೋಡಿ ಬಾರದ ಕರೆಗಳೂ ಇವೆ. ಸುತ್ತಿನ ನಡುವೆ ಜಂಗಮರು ಬಾಗಿಲಿಗೆ ಬಂದರು, ಅಥವಾ ಅಜ್ಜಿಗೆ ಉಸಿರು ಕಟ್ಟಿತು, ಅಥವಾ ಪಂಪ್‌ಸೆಟ್ಟಿಗೆ ಕರೆಂಟು ಬಂದು ತಂದೆ ಹೊಲಕ್ಕೆ ಕರೆದರು. ಆಗ ಯಾವ ಮಾತನ್ನು ಉಳಿಸಬೇಕು, ಯಾವುದನ್ನು ಬಿಡಬೇಕು ಎಂದು ಕೇಳುವವರುಂಟು. ಬಾಗಿಲಿಗೆ ಬಂದವರನ್ನೂ ಉಸಿರು ಕಟ್ಟಿದವರನ್ನೂ ಕಾಯಿಸತಕ್ಕದ್ದಲ್ಲ. ಇದರಲ್ಲಿ ಎರಡು ಮಾತಿಲ್ಲ. ಆದರೆ ಸುಮ್ಮನೆ ಫೋನು ಬಿಸುಟು ಎದ್ದುಹೋಗಬೇಕಾದ ಅಗತ್ಯವೂ ಇಲ್ಲ. ಹಳೆಯ ಕಾಲದ ಪತ್ರವಾಗಿದ್ದರೆ ತಲಪಲು ವಾರ ಹಿಡಿಯುತ್ತಿತ್ತು. ಇಲ್ಲಿ "ಮನ್ಯಾಗ ಕೆಲಸ ಬಂತು, ನಾ ಹೊಂಟೆ, ನನ್ನ ಔಷಧ ಇಲ್ಲೇ ಇಟ್ಟೀನಿ, ತಗೊಳ್ರಿ" ಎನ್ನಲು ಒಂದು ಉಸಿರು ಸಾಕು. ಮೈಕು ತೆರೆದೇ ಇರುತ್ತದೆ, ಆ ಮೂವರೂ ಕೇಳುತ್ತಲೇ ಇರುವರು.